ಸೊನ್ನೆ ತೋರಿಸಿದ ಮುಳ್ಳು

ಯಾದಗಿರಿ
೭ ಮಾರ್ಚ್ ೧೯೯೯, ಭಾನುವಾರ

ಚಿರಂಜೀವಿ ನಜೀಮಾ,

ನಿನ್ನ ಮೂರು ಕಾಗದಗಳೂ ಬಂದು ಮುಟ್ಟಿವೆ. ಒಂದಕ್ಕೂ ಉತ್ತರ ಬರೆಯದ ಈ ಕಾಕಾನ ಮೇಲೆ ನಿನಗೆ ಸಿಟ್ಟು ಬಂದಿರಬೇಕು. ಬರಲಿ, ಅದು ಸರಿಯಾದ ಸಿಟ್ಟು. ಪರೀಕ್ಷೆ ಹತ್ತಿರ ಬಂದಿದೆ, ಐಟಿಐ ಹುಡುಗರಿಗೆ ಪಾಠ ಮುಗಿದಿಲ್ಲ ಎಂದು ನೆಪ ಬರೆಯಬಹುದಿತ್ತು. ಆದರೆ ದಿನಾ ಸಂಜೆ ಬಿಡುವಾಗಿಯೇ ಇರುತ್ತೇನೆ. ನಿನ್ನೆ ನಿನ್ನ ಸುಂದ್ರಮ್ಮ ಕಾಕಿ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಆ ಹುಡಿಗಿ ಮೂರು ಕಾಗದ ಬರದಾಳ. ನೀವೇನು ಮನಷ್ಯಾರೋ, ಕಲ್ಲೋ?" ಅದಕ್ಕೇ ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಚಹಾ ಕುಡಿದು, ಬೇರೆ ಕೆಲಸ ಹಚ್ಚಿಕೊಳ್ಳದೆ ಕೂತಿದ್ದೇನೆ.

ನಾವು ಇಬ್ಬರೂ ಆರಾಮಾಗಿದ್ದೇವೆ. ಕಾಕಿಯ ಮೊಣಕಾಲು ನೋವು ಹಾಗೇ ಇದೆ. ಬಿಸಿಲು ಆಗಲೇ ಏರಿದೆ. ಯಾದಗಿರಿಯ ಬಂಡೆಗಳು ಈಗಿನಿಂದಲೇ ಕಾಯುತ್ತಿವೆ. ಬಕ್ರೀದಿಗೆ ಬರಬೇಕೆಂದು ಅವಳು ಲೆಕ್ಕ ಹಾಕುತ್ತಿದ್ದಾಳೆ. ಈ ಕಾಗದ ಓದಿದ ಮೇಲೆ ನೀವು ಕರೆದರೆ ಬರುತ್ತೇವೆ.

ನೀನು ಮೂರೂ ಕಾಗದಗಳಲ್ಲಿ ಬರೆದದ್ದು ಒಂದೇ ಮಾತು. ಗುಲಬರ್ಗಾದಲ್ಲಿ ಎಕ್ಸರೇ ತಂತ್ರಜ್ಞರ ತರಬೇತಿಗೆ ನಿನಗೆ ಸೀಟು ಸಿಕ್ಕಿದೆ. ಏಪ್ರಿಲ್ ಒಂದರೊಳಗೆ ಹೋಗಿ ಸೇರಬೇಕು. ನಿಮ್ಮಪ್ಪ ಆ ಕಾಗದವನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದಿದ್ದಾನೆ. "ಆ ಕೆಲಸ ಬ್ಯಾಡ. ಯಾಕಂತ ಕೇಳಬ್ಯಾಡ" ಎಂದಷ್ಟೇ ಹೇಳಿದ್ದಾನೆ. ಆಗ ನಿಮ್ಮಮ್ಮ ಒಳಗಿನಿಂದ, "ಅವತ್ತ ಮೀಟರ್ ನೋಡಿ ಕೈ ಹಾಕಿದ್ದರ ಇವತ್ತ ಮಗಳಿಗಿ ಹಿಂಗ ಹೆದರೂದು ಬರತಿರಲಿಲ್ಲ" ಎಂದಳು. ಅವನು ಊಟದ ತಾಟಿನ ಮುಂದಿನಿಂದ ಎದ್ದು ಹೋದ. ನೀನು ಕೇಳಿದ್ದೀಯ: "ಕಾಕಾ, ಅಬ್ಬಾ ಅವತ್ತು ಮೀಟರ್ ನೋಡಿದ್ದರೋ ಇಲ್ಲವೋ? ನಿಮಗೆ ಗೊತ್ತಿರಬೇಕು."

ಗೊತ್ತಿದೆ. ಯಾದಗಿರಿಯಿಂದ ಶಹಾಪುರದ ಮೇಲೆ ನಿಮ್ಮ ಸುರಪುರಕ್ಕೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಬಂದು ಎದುರು ಕೂತು ಹೇಳಬಹುದಿತ್ತು. ಹಾಗೆ ಬಂದೂ ಇದ್ದೇನೆ, ಒಂದಲ್ಲ ಹತ್ತು ಸಲ. ನಿಮ್ಮಮ್ಮ ಕೊಟ್ಟ ಚಹಾ ಕುಡಿದು, ಮಳೆ ಬೆಳೆ ಮಾತಾಡಿ ಎದ್ದು ಬಂದಿದ್ದೇನೆ. ಈಗ ಬರೆದು ಹೇಳುತ್ತೇನೆ. ಮೊದಲಿನಿಂದ ಹೇಳಿದರೇ ನಿನಗೆ ತಿಳಿಯುತ್ತದೆ.

ನಾನೂ ನಿಮ್ಮಪ್ಪ ಬಾಷುಮಿಯಾನೂ ಸುರಪುರದ ರಂಗಂಪೇಟೆಯ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಅವನದು ಮಗ್ಗದ ಮನೆ, ನನ್ನದು ಊರಾಚೆಯ ಕೇರಿ. ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತ. ನಾನು ಹಾಸ್ಟೆಲುಗಳಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಪುಣೆಯ ಹತ್ತಿರದ ಒಂದು ಖಾಸಗಿ ಕಾರ್ಖಾನೆಗೆ ಸೇರಿದೆ. ಅಲ್ಲಿ ವಿಕಿರಣ ಅಳೆಯುವ ಮೀಟರ್‌ಗಳನ್ನು ಮಾಡುತ್ತಿದ್ದರು. ಮಾಡಿದ ಮೀಟರ್ ಸರಿಯಾಗಿ ಓದುತ್ತದೋ ಇಲ್ಲವೋ ಎಂದು ನೋಡುವ ವಿಭಾಗ ನಮ್ಮದು.

ಆಗ ನಮ್ಮ ಕಡೆ ಕಾಲುವೆಯ ಕಾಲ. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬರುತ್ತದೆ ಎಂದು ಊರೂರಲ್ಲಿ ಮಾತು. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಲಾರಿಗಳು, ಎಂಜಿನಿಯರುಗಳು, ಆಂಧ್ರದಿಂದ ಬಂದ ಕೂಲಿಗಳು. ಕಾಲುವೆಗೆ ಉಕ್ಕಿನ ಗೇಟುಗಳು ಬೇಕು. ಉಕ್ಕಿನ ಹಾಳೆಗಳನ್ನು ಬೆಸೆದು ಗೇಟು ಮಾಡುತ್ತಾರೆ. ಬೆಸುಗೆಯೊಳಗೆ ಬಿರುಕಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಅದನ್ನು ನೋಡುವುದಕ್ಕೆ ಎಕ್ಸರೇ ತೆಗೆದ ಹಾಗೆ ಒಂದು ಫೋಟೋ ತೆಗೆಯಬೇಕು. ಆ ಕೆಲಸದ ಗುತ್ತಿಗೆ ಹೊರಗಿನ ಒಂದು ಕಂಪನಿಯದು. ನಿಮ್ಮಪ್ಪ ಬೆಸುಗೆ ಬಲ್ಲವನು, ನಿಯತ್ತಿನವನು. ಕಂಪನಿ ಅವನಿಗೆ ಎರಡು ತಿಂಗಳು ಕಲಿಸಿ, ಮೈಗೆ ಎಷ್ಟು ವಿಕಿರಣ ತಾಗಿತೆಂದು ಹೇಳುವ ಫಿಲ್ಮಿನ ಬಿಲ್ಲೆಯನ್ನು ಎದೆಗೆ ಹಾಕಿ, ಆ ಫೋಟೋ ತೆಗೆಯುವ ಕೆಲಸಕ್ಕೆ ಹಚ್ಚಿತು. ಆಗ ನಿನಗೆ ನಾಲ್ಕು ವರ್ಷ.

ಕೆಲಸ ಹೀಗೆ ನಡೆಯುತ್ತದೆ. ಸೀಸದ ಭಾರವಾದ ಡಬ್ಬಿಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಗುಳಿಗೆ ಇರುತ್ತದೆ. ವಿಕಿರಣವೆಲ್ಲ ಬರುವುದು ಅದರಿಂದಲೇ. ದೂರ ನಿಂತು ಹಿಡಿಕೆ ತಿರುಗಿಸಿದರೆ ತಂತಿಯ ತುದಿಯಲ್ಲಿರುವ ಆ ಗುಳಿಗೆ ಡಬ್ಬಿಯಿಂದ ಹೊರಟು, ಉದ್ದನೆಯ ರಬ್ಬರ್ ಕೊಳವೆಯೊಳಗೆ ಸರಿದು, ಬೆಸುಗೆಯ ಹತ್ತಿರ ಹೋಗಿ ನಿಲ್ಲುತ್ತದೆ. ಗೇಟಿನ ಆಚೆ ಫಿಲ್ಮ್ ಇಟ್ಟಿರುತ್ತಾರೆ. ಕೆಲವು ನಿಮಿಷ ಬಿಟ್ಟು ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ಗುಳಿಗೆ ಮತ್ತೆ ಡಬ್ಬಿ ಸೇರುತ್ತದೆ. ಸೇರಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಬಿಸಿಯಿಲ್ಲ. ಹೇಳುವುದು ಮೀಟರ್ ಒಂದೇ.

೧೯೮೪ರ ಡಿಸೆಂಬರ್. ಮಧ್ಯಾಹ್ನ ಕೂಲಿಗಳೆಲ್ಲ ಊಟಕ್ಕೆ ಹೋದ ಹೊತ್ತು. ಹಿಡಿಕೆ ತಿರುಗಿಸುತ್ತಿದ್ದವನು ಸಗರದ ಮಲ್ಕಪ್ಪ, ನಿಮ್ಮಪ್ಪನಿಗಿಂತ ಹತ್ತು ವರ್ಷ ದೊಡ್ಡವನು. ತಂತಿ ಪೂರ್ತಿ ಹಿಂದಕ್ಕೆ ಬಂದಿತು. "ಒಳಗ ಬಂತ್ರಿ ಬಾಷುಮಿಯಾ" ಎಂದು ಅವನು ಕೂಗಿದ. ತಂತಿ ಬಂದಿತ್ತು, ಅದರ ತುದಿಯ ಗುಳಿಗೆ ಕಳಚಿಕೊಂಡು ಕೊಳವೆಯಲ್ಲೇ ಉಳಿದಿತ್ತು. ಅದು ಇಬ್ಬರಿಗೂ ಗೊತ್ತಿಲ್ಲ.

ನಿಮ್ಮಪ್ಪ ಮಲ್ಕಪ್ಪನ ಮಾತನ್ನು ನಂಬಿ ಹೋಗಲಿಲ್ಲ. ಕಲಿಸಿದವರು ಹೇಳಿದ್ದ ಹಾಗೆ ಮೀಟರ್ ಕೈಯಲ್ಲಿ ಹಿಡಿದು ಹೋದ. ದಾರಿಯಲ್ಲಿ ನಿಲ್ಲಿಸಿದ್ದ ಗೇಟಿನ ದಪ್ಪ ಉಕ್ಕು ಮರೆಯಾಗಿತ್ತು, ಮುಳ್ಳು ಅಲ್ಲಾಡಲಿಲ್ಲ. ಗೇಟನ್ನು ಸುತ್ತಿಹೋಗಿ, ಬಗ್ಗಿ, ಮೀಟರನ್ನು ಕೊಳವೆಗೆ ಹತ್ತಿಸಿಯೇ ಹಿಡಿದು ನೋಡಿದ. ಮುಳ್ಳು ಸೊನ್ನೆಯ ಮೇಲಿತ್ತು. ಆಮೇಲೆ ಕೊಳವೆಯ ತುದಿಯನ್ನು ಬಲಗೈಯಲ್ಲಿ ಹಿಡಿದು, ಉಳಿದದ್ದನ್ನು ಸುತ್ತಿಕೊಂಡು, ಶೆಡ್ಡಿನ ಕಡೆ ನಡೆದ. ಗುಳಿಗೆ ಅವನ ಮೂರು ಬೆರಳುಗಳ ಕೆಳಗೇ ಇತ್ತು. ಶೆಡ್ಡಿನ ಬಾಗಿಲ ಒಳಗೆ, ದೂರದ ಮೇಜಿನ ಮೇಲೆ ಇನ್ನೊಂದು ಮೀಟರ್ ಚಾಲೂ ಇತ್ತು. ಅವನು ಬಾಗಿಲ ಹತ್ತಿರ ಬರುತ್ತಲೇ ಅದರ ಮುಳ್ಳು ಪೂರಾ ಎದ್ದು ನಿಂತಿತು. ಅವನು ಕೊಳವೆ ಬಿಸಾಕಿ ಹಿಂದಕ್ಕೆ ಓಡಿದ, ಎಲ್ಲರನ್ನೂ ಓಡಿಸಿದ. ಶೆಡ್ಡಿನ ಸುತ್ತ ಹಗ್ಗ ಕಟ್ಟಿಸಿ, ಮುಂಬೈಯಿಂದ ಬಲ್ಲವರು ಬರುವ ತನಕ ಎರಡು ದಿನ ತಾನೇ ಕಾವಲು ಕೂತ. ಬೇರೆ ಒಬ್ಬರಿಗೂ ಏನೂ ಆಗಲಿಲ್ಲ. ಇದನ್ನು ಯಾರೂ ಹೇಳುವುದಿಲ್ಲ ನೋಡು.

ಒಂಬತ್ತನೆಯ ದಿನ ಬೆರಳುಗಳು ಕಾದ ಹಂಚಿಗೆ ತಾಗಿದ ಹಾಗೆ ಕೆಂಪಾದವು. ಆಮೇಲೆ ಗುಳ್ಳೆಗಳೆದ್ದವು, ಚರ್ಮ ಕಪ್ಪಾಯಿತು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ನಾನು ಪುಣೆಯಿಂದ ರೈಲಿನಲ್ಲಿ ಬಂದು ನೋಡಿದೆ. ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದ. ನೋವಿನ ಮಾತು ಆಡಲಿಲ್ಲ.

"ಮುಳ್ಳು ಸೊನ್ನಿ ಮ್ಯಾಲ ಇತ್ತಲೇ ಅಂಬ್ರ್ಯಾ" ಎಂದ. "ಈ ಕಣ್ಣಿಲೆ ನೋಡೀನಿ. ನೋಡಿ, ಮೀಟರ್ ಮ್ಯಾಲ ಒಮ್ಮಿ ಬಡದು ಮತ್ತ ನೋಡೀನಿ. ನೀ ಮೀಟರ್ ಮಾಡಾವ. ಹೇಳು, ಅದ್ಹೆಂಗ ಆತು?"

"ನೋಡತೀನಿ" ಎಂದೆ.

ಆ ಮೀಟರ್ ನಮ್ಮ ಕಾರ್ಖಾನೆಯದೇ. ಪರೀಕ್ಷೆ ಮಾಡಿಕೊಡಿ ಎಂದು ಕಂಪನಿ ಅದನ್ನು ನಮ್ಮಲ್ಲಿಗೇ ಕಳಿಸಿತು. ಮಾನದಂಡದ ಪುಸ್ತಕದಲ್ಲಿ ಬರೆದ ಹಾಗೆ ಪರೀಕ್ಷೆಯಾಯಿತು. ಮುಖಫಲಕದ ಮೇಲೆ ಐದು ಕಡೆ ಓದು ನೋಡಬೇಕು. ಐದೂ ಕಡೆ ಸರಿಯಾಗಿ ಓದಿತು. ಸರಿಯಾಗಿದೆ ಎಂದು ಪ್ರಮಾಣಪತ್ರ ಹೋಯಿತು. ಒಂದು ತಿಂಗಳ ಮೇಲೆ ಭೀಮರಾಯನಗುಡಿಯಲ್ಲಿ ಕಂಪನಿಯ ವಿಚಾರಣೆ ನಡೆಯಿತು. ಮಲ್ಕಪ್ಪನನ್ನು ಕೇಳಿದರು. ಅವನು ಇದ್ದದ್ದನ್ನೇ ಹೇಳಿದ: "ನಾ ದೂರ ಇದ್ದೆರಿ. ಮೀಟರ್ ಕೈಯಾಗ ಇತ್ತರಿ. ಮುಳ್ಳು ಎಲ್ಲಿತ್ತು ನನಗ ಕಂಡಿಲ್ಲರಿ." ಪ್ರಮಾಣಪತ್ರ ಓದಿದರು. ಮೀಟರ್ ಸರಿಯಾಗಿದೆ, ಸರಿಯಾದ ಮೀಟರ್ ನೋಡಿದ್ದರೆ ಯಾರೂ ಕೈ ಹಾಕುತ್ತಿರಲಿಲ್ಲ, ಆದ್ದರಿಂದ ಕೆಲಸಗಾರ ಮೀಟರ್ ನೋಡಿಲ್ಲ, ನೋಡಿದೆ ಎಂದು ಸುಳ್ಳು ಹೇಳುತ್ತಿದ್ದಾನೆ. ಹೀಗೆ ಬರೆದು ಮುಗಿಸಿದರು. ಅವನ ಕೆಲಸ ಹೋಯಿತು.

ಸುಳ್ಳುಗಾರ ಎಂದದ್ದು ಸಾಲದೆ ಊರು ಇನ್ನೊಂದು ಸೇರಿಸಿತು. ರಂಗಂಪೇಟೆಯ ಚಹಾದಂಗಡಿಯಲ್ಲಿ, "ಹಗಲೇ ಕುಡದಿದ್ದನಂತ" ಎಂದು ಯಾರೋ ಅಂದದ್ದನ್ನು ನಾನೇ ಕೇಳಿದೆ. ಒಂದು ದಿನವೂ ಹನಿ ಮುಟ್ಟಿದವನಲ್ಲ ಅವನು. ನಿಮ್ಮಮ್ಮ ಅದನ್ನು ನಂಬಲಿಲ್ಲ. ಆದರೆ ಮೀಟರಿನ ಮಾತು ಅವಳ ಮನಸ್ಸಿನಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಒಮ್ಮೆ ನಾನಿದ್ದಾಗಲೇ ಕೇಳಿದಳು: "ಅಂಬ್ರಪ್ಪ ಭಾಯಿ, ನೀವು ಓದಿದವರು. ಮೀಟರ್ ಖರಾಬ್ ಇರಲಿಲ್ಲ ಅಂತ ಕಾಗದದಾಗ ಬಂದಾದ. ಹಂಗಾರ ಇವರು ನೋಡಿಲ್ಲ ಅಂತನ ಆತಲ್ಲ? ಖರೇ ಹೇಳಿಬಿಟ್ಟರ ನಾ ಏನು ಸಿಟ್ಟಾಗತೀನೇನು?" ನಿಮ್ಮಪ್ಪ ಹೊಸ್ತಿಲಲ್ಲಿ ಕೂತು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದ. ನಾನು, "ಭಾಬಿ, ಅದು ಆಗಿಹೋದ ಮಾತು" ಎಂದೆ.

ನಜೀಮಾ, ಮೀಟರ್ ಸೊನ್ನೆ ತೋರಿಸಿದ್ದು ಖರೆ. ಹೇಗೆ ಎಂದು ಹೇಳುತ್ತೇನೆ. ನೀನು ನಾಳೆ ಇದೇ ವಿದ್ಯೆ ಕಲಿಯುವವಳು, ತಿಳಿದಿರಬೇಕು.

ಮೀಟರಿನೊಳಗೆ ಕಿರುಬೆರಳಿನಷ್ಟು ಒಂದು ನಳಿಗೆ ಇದೆ, ಒಳಗೆ ಅನಿಲ ತುಂಬಿರುತ್ತದೆ. ಒಂದೊಂದು ಕಿರಣ ಒಳಬಂದಾಗಲೂ ಅದು ಒಂದು ಸಲ ಮಿಡಿಯುತ್ತದೆ. ಮಿಡಿತಗಳನ್ನು ಎಣಿಸಿ ಮುಳ್ಳು ಏರುತ್ತದೆ. ಆದರೆ ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ ನಳಿಗೆಗೆ ಒಂದಿಷ್ಟು ಬಿಡುವು ಬೇಕು. ಸುರಪುರ ಸಂತೆಯ ದಿನ ನಮ್ಮ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೇ ಚೀಟಿ ಹರಿಯುತ್ತಾನಲ್ಲ, ಹಾಗೆ. ಹತ್ತು ಜನ ಬಂದರೆ ಹತ್ತು ಚೀಟಿ. ಇನ್ನೂರು ಜನ ಒಮ್ಮೆಗೇ ನುಗ್ಗಿದರೆ ಅವನು ಬಾಗಿಲ ಮೂಲೆಗೆ ಒತ್ತಿಕೊಂಡು ನಿಲ್ಲುತ್ತಾನೆ, ಒಂದು ಚೀಟಿಯೂ ಹರಿಯುವುದಿಲ್ಲ. ಚೀಟಿ ನೋಡಿದವರು ಬಸ್ಸು ಖಾಲಿ ಹೋಯಿತೆಂದುಕೊಳ್ಳಬೇಕು. ವಿಕಿರಣ ಸ್ವಲ್ಪ ಇದ್ದಾಗ ಆ ಮೀಟರ್ ಸರಿಯಾಗಿ ಹೇಳುತ್ತಿತ್ತು. ವಿಪರೀತ ಇದ್ದಾಗ ಮೂಕಾಗುತ್ತಿತ್ತು. ಅದಕ್ಕೇ ದೂರದ ಮೇಜಿನ ಮೇಲಿನ ಮೀಟರ್ ಕೂಗಿತು, ಕೊಳವೆಗೆ ಹತ್ತಿಸಿ ಹಿಡಿದದ್ದು ಸುಮ್ಮನಿತ್ತು. ನಿಮ್ಮಪ್ಪ ಹೆಚ್ಚು ಜಾಗ್ರತೆ ಮಾಡಿ ಹತ್ತಿರ ಹಿಡಿದದ್ದೇ ಅವನಿಗೆ ಮುಳುವಾಯಿತು.

ಇದು ನನಗೆ ತಿಳಿದದ್ದು ಹೇಗೆಂದರೆ, ಪ್ರಮಾಣಪತ್ರ ಹೋದ ಮೇಲೆ ಒಂದು ದಿನ ಆ ಮೀಟರನ್ನು ನಾನೇ ಮತ್ತೆ ಪರೀಕ್ಷೆಯ ಕೋಣೆಗೆ ಒಯ್ದೆ. ಅಲ್ಲಿ ಹಳಿಯ ಮೇಲೆ ಒಂದು ತಳ್ಳುಗಾಡಿ ಇದೆ. ಮೀಟರನ್ನು ಅದರ ಮೇಲಿಟ್ಟು ವಿಕಿರಣದ ಮೂಲದ ಕಡೆ ಸರಿಸುತ್ತಾ ಹೋಗುತ್ತೇವೆ. ನಾವು ಹೊರಗೆ ಗೋಡೆಯಾಚೆ ನಿಂತು ದುರ್ಬೀನಿನಲ್ಲಿ ಮುಳ್ಳು ನೋಡುತ್ತೇವೆ. ಪುಸ್ತಕ ಹೇಳಿದ ಕೊನೆಯ ಗುರುತು ದಾಟಿಸಿ ಇನ್ನೂ ಹತ್ತಿರಕ್ಕೆ ಸರಿಸಿದೆ. ಮುಳ್ಳು ಪೂರಾ ಏರಿ ಅಂಚಿಗೆ ತಾಗಿ ನಿಂತಿತು. ಇನ್ನೂ ಸರಿಸಿದೆ. ನಡುಗಿತು. ಇನ್ನೊಂದು ಗೇಣು. ದಣಿದವನು ನೆಲಕ್ಕೆ ಕೂರುವ ಹಾಗೆ ಮೆಲ್ಲಗೆ ಇಳಿದು ಸೊನ್ನೆಯ ಮೇಲೆ ಮಲಗಿತು.

ನಮ್ಮ ವಿಭಾಗದ ಸಾಹೇಬರಿಗೆ ತೋರಿಸಿದೆ. ಅವರು ಬಹಳ ಹೊತ್ತು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ, "ಇದನ್ನು ಮಾನದಂಡ ಕೇಳುವುದಿಲ್ಲವಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಅವರು ಹೇಳಿದ್ದು ನಿಜವೂ ಹೌದು. ನಾವು ಪಾಲಿಸುತ್ತಿದ್ದ ಪುಸ್ತಕ ಫಲಕದ ಮೇಲಿನ ಅಂಕಿಗಳ ಬಗ್ಗೆ ಕೇಳುತ್ತಿತ್ತು. ಫಲಕ ದಾಟಿದ ಮೇಲೆ ಏನಾಗುತ್ತದೆಂದು ಕೇಳುತ್ತಿರಲಿಲ್ಲ.

ಇಲ್ಲಿ ಐಟಿಐಗೆ ಬರುವ ಮೊದಲು ಹದಿಮೂರು ವರ್ಷ ಆ ಕಾರ್ಖಾನೆಯಲ್ಲಿದ್ದೆ. ಅಲ್ಲಿ ಕಂಡದ್ದು ಇಷ್ಟು: ಮಾನದಂಡ ಕೇಳಿದ್ದನ್ನು ಮಾತ್ರ ಕಾರ್ಖಾನೆ ಮಾಡುತ್ತದೆ. ಮೀಟರ್ ಇಷ್ಟು ಎತ್ತರದಿಂದ ಬಿದ್ದರೂ ಓದಬೇಕು ಎಂದು ಪುಸ್ತಕ ಬರೆಯಿತು. ಪೆಟ್ಟಿಗೆಗೆ ರಬ್ಬರಿನ ಅಂಚು ಬಂತು. ನಮ್ಮ ಕಡೆಯಂಥ ಬಿಸಿಲಿನಲ್ಲೂ ಓದಬೇಕು ಎಂದಿತು. ಒಳಗಿನ ಬಿಡಿಭಾಗಗಳು ಬದಲಾದವು. ಬ್ಯಾಟರಿ ಇಳಿದದ್ದು ಗೊತ್ತಾಗಬೇಕು ಎಂದಿತು; ಒಂದು ಗುಂಡಿ ಬಂತು. ಮುಂದೆ, ಕೆಲಸಗಾರನ ಮೈಗೆ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ವಿಕಿರಣ ತಾಗಕೂಡದು ಎಂಬ ಮಿತಿಯನ್ನು ಜಗತ್ತಿನ ತಜ್ಞರು ಮಿಲಿಸೀವರ್ಟ್ ಎಂಬ ಅಳತೆಯಲ್ಲಿ ಐವತ್ತರಿಂದ ಇಪ್ಪತ್ತಕ್ಕೆ ಇಳಿಸಿದರು, ನಮ್ಮ ದೇಶವೂ ಒಪ್ಪಿತು. ಮಿತಿ ಇಳಿದರೆ ಕಡಿಮೆ ವಿಕಿರಣವನ್ನೂ ಕಾಣುವ ಮೀಟರ್ ಬೇಕು. ಎರಡೇ ವರ್ಷದಲ್ಲಿ ದೊಡ್ಡ ನಳಿಗೆ ಬಂತು, ಫಲಕದ ಗೆರೆಗಳು ಸಣ್ಣವಾದವು, ಅಳತೆಯ ಹೆಸರುಗಳೇ ಬದಲಾದವು. ಆಗ ನಾವು ಹಗಲೆಲ್ಲ ಹೊಸ ಫಲಕ ಅಂಟಿಸುತ್ತಿದ್ದೆವು. ಬಡವನ ಬೆರಳಿಗೆ ಬೇಕಾದ ಪ್ರಶ್ನೆ ಒಂದೇ, ಅದನ್ನು ಮಾತ್ರ ಕೇಳಿರಲಿಲ್ಲ.

೧೯೮೭ರಲ್ಲಿ ನಾನು ಮಾನದಂಡ ಬರೆಯುವ ಸಮಿತಿಗೆ ಒಂದು ಅರ್ಜಿ ಬರೆದೆ: ವಿಕಿರಣ ಮಿತಿ ಮೀರಿದಾಗ ಮುಳ್ಳು ಮೇಲಿನ ಅಂಚಿನಲ್ಲೇ ನಿಲ್ಲಬೇಕು, ಕೆಳಗೆ ಬೀಳಕೂಡದು, ಹಾಗೆಂದು ಒಂದು ಕಲಮು ಸೇರಿಸಿ ಎಂದು. ಆರು ತಿಂಗಳ ಮೇಲೆ ಉತ್ತರ ಬಂತು. ಸಲಹೆ ಒಳ್ಳೆಯದು, ಆದರೆ ಮೀಟರಿನ ಈ ದೋಷದಿಂದ ಅಪಘಾತವಾದ ದಾಖಲೆ ನಮ್ಮಲ್ಲಿಲ್ಲ. ಮತ್ತೆ ಬರೆದೆ. ಮತ್ತೆ ಅದೇ ಉತ್ತರ. ಭೀಮರಾಯನಗುಡಿಯ ಅಪಘಾತ ಅವರ ಕಡತದಲ್ಲಿ ಇತ್ತು, ಆದರೆ 'ಕೆಲಸಗಾರನ ಅಜಾಗರೂಕತೆ' ಎಂಬ ಪಟ್ಟಿಯಲ್ಲಿತ್ತು.

೧೯೯೨ರಲ್ಲಿ ದೂರದ ಒಂದು ಪೈಪಿನ ಕೆಲಸದಲ್ಲಿ ಇನ್ನೊಬ್ಬನಿಗೆ ಹಾಗೇ ಆಯಿತು. ಅವನ ಕೈ ಮಣಿಕಟ್ಟಿನ ತನಕ ಹೋಯಿತು. ಆ ಮೀಟರ್ ಬೇರೊಂದು ಕಾರ್ಖಾನೆಯದು. ಅಲ್ಲಿ ಪರೀಕ್ಷೆ ಮಾಡಿದವಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಹೆಣ್ಣುಮಗಳು. ಅವಳು ಪ್ರಮಾಣಪತ್ರದ ಕೆಳಗೆ, ಯಾರೂ ಕೇಳದಿದ್ದರೂ, ಒಂದು ಸಾಲು ಹೆಚ್ಚು ಬರೆದಳು: ತೀವ್ರ ವಿಕಿರಣದಲ್ಲಿ ಈ ಮೀಟರ್ ಸೊನ್ನೆ ತೋರಿಸುತ್ತದೆ. ಆ ಒಂದು ಸಾಲು ಸಮಿತಿಯ ಮುಂದೆ ಹೋಯಿತು. ಎರಡು ವರ್ಷದೊಳಗೆ ನಮ್ಮ ಪುಸ್ತಕದಲ್ಲಿ ಆ ಕಲಮು ಅಚ್ಚಾಯಿತು. ನಳಿಗೆಯ ಹಿಂದಿನ ವಿದ್ಯುತ್ ಜೋಡಣೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೆ ಸಾಕಾಗಿತ್ತು. ನಾನೇ ಒಂದು ವಾರದಲ್ಲಿ ಮಾಡಿಕೊಟ್ಟೆ. ಈಗ ಹೊಸ ಮೀಟರ್ ಯಾವುದನ್ನೇ ತಂದು ಗುಳಿಗೆಯ ಪಕ್ಕ ಹಿಡಿದರೂ ಅದು ಕೂಗುತ್ತಲೇ ಇರುತ್ತದೆ.

ಇಷ್ಟು ಬರೆದು ಊಟಕ್ಕೆ ಎದ್ದಿದ್ದೆ. ಕಾಕಿ ಓದಲು ಕೇಳಿದಳು, ಕೊಡಲಿಲ್ಲ. "ನನಗ ಓದಸ್ಲಾರದ್ದು ಆ ಹುಡಿಗಿಗಿ ಯಾಕ ಕಳಸತೀರಿ?" ಎಂದಳು. ಪೂರ್ತಿ ಮುಗಿದ ಮೇಲೆ ಕೊಡುತ್ತೇನೆ ಎಂದಿದ್ದೇನೆ.

ಈಗ ನಿನ್ನ ಸೀಟಿನ ಮಾತು. ಹೋಗು ಎಂದು ನಾನು ಹೇಳುತ್ತೇನೆ. ಆಸ್ಪತ್ರೆಯ ಎಕ್ಸರೇ ಯಂತ್ರದಲ್ಲಿ ಗುಳಿಗೆ ಇರುವುದಿಲ್ಲ; ವಿದ್ಯುತ್ ನಿಲ್ಲಿಸಿದರೆ ಕಿರಣ ನಿಲ್ಲುತ್ತದೆ. ನಿಮ್ಮಪ್ಪನಿಗೆ ಅದು ಗೊತ್ತಿಲ್ಲ, ಅವನಿಗೆ ಎರಡೂ ಒಂದೇ. ನೀನು ಕಲಿತು ಅವನಿಗೆ ತಿಳಿಸಿ ಹೇಳಬೇಕು. ಎದೆಯ ಬಿಲ್ಲೆಯನ್ನು ಒಂದು ದಿನವೂ ಮನೆಯಲ್ಲಿ ಬಿಟ್ಟು ಹೋಗಬೇಡ. ಮೀಟರ್ ಕೈಗೆ ಬಂದರೆ ಕೆಲಸಕ್ಕೆ ಮೊದಲು ಅದು ಬದುಕಿದೆಯೋ ಇಲ್ಲವೋ ನೋಡು. ಸಣ್ಣ ಪರೀಕ್ಷೆಯ ಮೂಲ ಅದರ ಜೊತೆಗೇ ಕೊಡುತ್ತಾರೆ. ದೂರದಿಂದ ನೋಡುತ್ತಾ ಹತ್ತಿರ ಹೋಗು. ಸೊನ್ನೆ ಕಂಡರೆ ಇನ್ನೊಂದು ಮೀಟರ್ ತರಿಸಿ ನೋಡು. ತಡವಾಯಿತೆಂದು ಬೈದರೆ ಬೈಸಿಕೋ. ಯಾರಾದರೂ ಪುಸ್ತಕ ಅದನ್ನು ಕೇಳುವುದಿಲ್ಲ ಎಂದರೆ, ಪುಸ್ತಕ ಬರೆದವರು ಭೀಮರಾಯನಗುಡಿಗೆ ಬಂದಿರಲಿಲ್ಲ ಎಂದು ಹೇಳು.

ನಿಮ್ಮಮ್ಮ ಖುರ್ಷೀದಬೇಗಂ ಅವರಿಗೆ ನಮ್ಮ ಸಲಾಮು ತಿಳಿಸು. ನಿನ್ನ ಓದು ಹಸನಾಗಲಿ. ಕಂಡದ್ದನ್ನು ಕಂಡ ಹಾಗೆ ಬರೆಯುವ ಧೈರ್ಯ ನಿನ್ನ ಕೈಗೆ ಬರಲಿ. ಈ ಕಾಕಾ ನಿನಗಾಗಿ ಬೇಡಿಕೊಳ್ಳುವುದು ಅಷ್ಟೇ.

ನಿನ್ನ,
ಅಂಬ್ರಪ್ಪ ಕಾಕಾ

ತಾಜಾ ಕಲಂ:

ಕಾಗದ ಮಡಚಿ ಲಕೋಟೆಗೆ ಹಾಕಿ ಎರಡು ದಿನವಾಯಿತು. ಅಂಚೆಗೆ ಹಾಕಲು ಹೋಗಿ ಹಾಗೇ ತಿರುಗಿ ಬಂದೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ. ನೀನು ನೋಡಬೇಕು.

ಪ್ರಮಾಣಪತ್ರ ಹೋದ ಮೇಲೆ ಆ ಮೀಟರನ್ನು ಪರೀಕ್ಷಿಸಿದೆ ಎಂದು ಬರೆದೆ. ಹಾಗಲ್ಲ. ಅದನ್ನು ಹಳಿಯ ಮೇಲೆ ಸರಿಸಿ, ಮುಳ್ಳು ಬಿದ್ದದ್ದನ್ನು ಕಂಡದ್ದು ಒಂದು ಗುರುವಾರ. ಪ್ರಮಾಣಪತ್ರಕ್ಕೆ ಸಹಿ ಬಿದ್ದದ್ದು ಮರುದಿನ ಶುಕ್ರವಾರ. ಸಹಿ ಮಾಡಿದವನು ನಾನು.

ಸಾಹೇಬರು ನನ್ನನ್ನು ಹೆದರಿಸಲಿಲ್ಲ. ಹೆದರಿಸಿದರು ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. "ಅಂಬ್ರಪ್ಪ, ಬರುವ ತಿಂಗಳು ನಿನ್ನ ನೌಕರಿ ಕಾಯಂ ಆಗುವುದಿದೆ. ಕೇಳಿದ್ದಕ್ಕೆ ಉತ್ತರ ಬರೆ. ಕೇಳದ್ದನ್ನು ಯಾಕೆ ಬರೆಯುತ್ತೀ?" ಎಂದರು, ಅಷ್ಟೇ. ಐದು ಅಂಕಿಗಳ ಕೆಳಗೆ ಎರಡು ಬೆರಳು ಖಾಲಿ ಜಾಗ ಇತ್ತು. ಒಂದು ಸಾಲು ಹಿಡಿಯುತ್ತಿತ್ತು. ಬರೆಯಲಿಲ್ಲ. ಬರೆದಿದ್ದರೆ ನಿಮ್ಮಪ್ಪ ಸುಳ್ಳುಗಾರನಾಗುತ್ತಿರಲಿಲ್ಲ. ಅಪಘಾತ ಬೇರೆ ಪಟ್ಟಿಗೆ ಸೇರುತ್ತಿತ್ತು, ಕಲಮು ಏಳೆಂಟು ವರ್ಷ ಮೊದಲೇ ಬರುತ್ತಿತ್ತು, ಆ ಇನ್ನೊಬ್ಬನ ಕೈ ಉಳಿಯುತ್ತಿತ್ತು. ಸಮಿತಿಗೆ ಅರ್ಜಿ ಬರೆದಾಗಲೂ ನನ್ನ ಸಹಿಯ ಮಾತು ಬರೆಯಲಿಲ್ಲ. ಆ ಹೆಣ್ಣುಮಗಳ ಹೆಸರು ನನಗೆ ಗೊತ್ತಿದೆ. ಅವಳನ್ನು ಒಮ್ಮೆ ಕಂಡೂ ಇದ್ದೇನೆ. ನಮಸ್ಕಾರ ಹೇಳಿ ಈಚೆ ಬಂದೆ.

ಆ ಸಹಿ ನನ್ನದೆಂದು ನಿಮ್ಮಪ್ಪನಿಗೆ ಆಗಿನಿಂದಲೇ ಗೊತ್ತು. ವಿಚಾರಣೆಯಲ್ಲಿ ಆ ಪ್ರಮಾಣಪತ್ರವನ್ನು ಅವನ ಕೈಗೂ ಕೊಟ್ಟು ತೋರಿಸಿದ್ದರು. ಅವನಿಗೆ ಇಂಗ್ಲಿಷ್ ಬಾರದು, ಆದರೆ ನನ್ನ ಸಹಿ ಬರುತ್ತದೆ. ನಾವಿಬ್ಬರೂ ಸಹಿ ಹಾಕುವುದನ್ನು ಕಲಿತದ್ದು ಒಂದೇ ಪಾಟಿಯ ಮೇಲೆ. ಆ ವರ್ಷ ರಂಜಾನಿಗೆ ನಾನು ಬಂದಾಗ ತಾನೇ ಶಾವಿಗೆಯ ಸುರಕುಂಬಾದ ಬಟ್ಟಲು ತಂದು ಮುಂದಿಟ್ಟ. "ನಿನ್ನ ದಸ್ತಖತ್ತು ಈಗ ಚೊಲೋ ಆಗ್ಯಾದಲೇ" ಎಂದ. ಹದಿನಾಲ್ಕು ವರ್ಷದಲ್ಲಿ ಆ ವಿಷಯವಾಗಿ ಅವನ ಬಾಯಿಂದ ಬಂದ ಮಾತು ಅದೊಂದೇ.

ಈ ಕಾಗದ ಬರೆಯುವ ಮೊದಲೇ, ಹೋದ ಮಂಗಳವಾರ, ಭೀಮರಾಯನಗುಡಿಗೆ ಹೋಗಿದ್ದೆ. ತಾನು ಈಗ ಕೆಲಸಕ್ಕಿರುವ ಕ್ಯಾಂಪಿನ ಸಸಿ ತೋಟದಲ್ಲಿ ಅವನು ಮಡಿಗಳಿಗೆ ನೀರು ಬಿಡುತ್ತಿದ್ದ. ನಜೀಮಾಳಿಗೆ ಎಲ್ಲವನ್ನೂ ಬರೆಯುತ್ತೇನೆ ಎಂದೆ. ಅವನು ಸಲಿಕೆ ಊರಿ ನಿಂತ.

"ಬರೀಬ್ಯಾಡ" ಎಂದ. "ನಿನಗೊಬ್ಬಗ ನೌಕರಿ ಬಂದಿತ್ತೇನಲೇ ಅದು? ನಿಮ್ಮ ಕೇರಿ ಹುಡ್ರು ನಿನ್ನ ನೋಡಿ ಸಾಲಿಗಿ ಹೋಗಾಕತ್ತಿದ್ರು. ನಾ ಅವತ್ತ ಬಾಯಿ ಬಿಟ್ಟಿದ್ದರ ಎಲ್ಲಾ ಕೆಡತಿತ್ತು. ನನ್ನವು ಬೆರಳಂತೂ ಹೋಗಿದ್ದವು."

"ಖುರ್ಷೀದ್ ಭಾಬಿ ನಿನ್ನ ಮ್ಯಾಲ ಸಂಶೇ ಪಡತಾಳಲ್ಲೋ" ಎಂದೆ.

ಅವನು ನೀರನ್ನು ಇನ್ನೊಂದು ಮಡಿಗೆ ತಿರುಗಿಸಿದ. "ಅದೊಂದಽ ನೋಡು" ಎಂದ. "ಅದೊಂದು ತಡಕೊಳ್ಳಾಕ ಆಗವಲ್ದು."

ಅವನು ಬೇಡ ಎಂದರೂ ಬರೆದಿದ್ದೇನೆ. ನಡೆದದ್ದನ್ನೆಲ್ಲ ದಿನಾಂಕ ಸಹಿತ ಬೇರೆ ಕಾಗದದಲ್ಲಿ ಬರೆದು, ಸಹಿ ಮಾಡಿ, ಆ ಕಂಪನಿಗೂ ಸಮಿತಿಗೂ ಇವತ್ತು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಒಂದು ಪ್ರತಿ ಇದರ ಜೊತೆಗಿದೆ. ಅವರು ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಸುಂದ್ರಮ್ಮ ಓದಿದಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಇನ್ನೂ ಮಾತಾಡಿಲ್ಲ.

ನಜೀಮಾ, ಈ ಪ್ರತಿಯನ್ನು ನಿಮ್ಮಮ್ಮನಿಗೆ ಓದಿ ಹೇಳು. ಅಬ್ಬಾ ಮನೆಯಲ್ಲಿ ಇರುವಾಗಲೇ ಓದು. ಅವನು ಎದ್ದು ಹೋಗಲು ನೋಡುತ್ತಾನೆ, ಬಿಡಬೇಡ, ಕೂರಿಸಿಕೋ. ಆಮೇಲೆ ನನ್ನನ್ನು ಕಾಕಾ ಎನ್ನಬೇಕೋ ಬಿಡಬೇಕೋ ನೀನೇ ನೋಡು. ಮೊದಲು ನಿಮ್ಮಮ್ಮನಿಗೆ ಇಷ್ಟು ಹೇಳು: ಅವನು ಮೀಟರ್ ನೋಡಿದ್ದ. ಎರಡು ಸಲ ನೋಡಿದ್ದ.

ಅಂ.